ಎಡಗಡೆಯ ಜೇಬು

ಗೆಜ್ಜೆ ಸದ್ದು, ಕೆಳಗೆ ಮರಳಿನ ಮೇಲೆ, ಮಕ್ಕಳಿಗೆ ಸವಾರಿ ಕೊಡುವ ಕತ್ತೆಗಳದ್ದೇ ಇರಬೇಕು, ವಿಲ್ಫ್ ನನ್ನ ಮೊಣಕೈ ಹಿಡಿದು ಗೋಡೆಯ ಕಡೆಗೆ ತಿರುಗಿಸುತ್ತಿದ್ದಾನೆ, ಗಾಳಿ ಕಣೇ ಮೇವಿಸ್, ಈಚೆ ಬಾ, ಟೀ ಕುಡಿಯೋಣ — ನಲವತ್ತು ವರ್ಷ ಯಾವ ಗಾಳಿಗೂ ಅಡ್ಡ ನಿಲ್ಲದ ಗಂಡನಿಗೆ ಇವತ್ತು ಅಕ್ಕರೆ ಉಕ್ಕುತ್ತಿದೆ. ಬೆಳಿಗ್ಗೆಯಿಂದ ಎಡಗಡೆಯ ಜೇಬಿನ ಮೇಲಿಟ್ಟ ಕೈ ತೆಗೆದಿಲ್ಲ, ಪೆಪ್ಪರ್‌ಮಿಂಟಿನ ಜೊತೆ ಇನ್ನೇನಿದೆಯೋ ಅದರಲ್ಲಿ. ಈ ಕಡಲೂರು ಬ್ರಿಡ್ಲಿಂಗ್ಟನ್ನಿಗೆ ನಾನು ಕಾಲೇ ಇಟ್ಟಿಲ್ಲ ಅಂದವನು ಬಸ್ಸಿಳಿದ ಕೂಡಲೇ ಯಾರನ್ನೂ ಕೇಳದೆ ಶೌಚಾಲಯಕ್ಕೆ ನಡೆದನಲ್ಲ, ಮೀನಿನಂಗಡಿಯವಳು ಅವನ ಪೊಟ್ಟಣಕ್ಕೆ ಮಾತ್ರ ವಿನಿಗರ್ ಹಾಕದೆ ಕಟ್ಟಿದಳಲ್ಲ, ಇವನಿಗೆ ಎದೆಯುರಿ ಅಂತ ಅವಳಿಗೆ ಯಾರು ಹೇಳಿದರು, ತುಟಿಗೆ ಬಣ್ಣ ಬೇರೆ, ಆ ಇನ್ನೊಬ್ಬಳು ಇವಳೇ ಇರಬಹುದೇ, ಇವಳೇ. ಗುರುವಾರ ಗುರುವಾರ ಬೌಲ್ಸ್ ಕ್ಲಬ್ಬು ಅನ್ನುತ್ತಿದ್ದ, ಹುಲ್ಲಿನ ಮೇಲೆ ಚೆಂಡುರುಳಿಸಿ ಬಂದವನ ಪ್ಯಾಂಟಿನ ಮಡಿಕೆಯಲ್ಲಿ ಮರಳು ಎಲ್ಲಿಂದ ಬರುತ್ತದೆ, ಕೋಟಿನೊಳಗೆ ಗುಲಾಬಿ ಬಣ್ಣದ ಸಕ್ಕರೆಕಡ್ಡಿ, ಮುರಿದು ಮುರಿದು ನೋಡಿದೆ, ಎಲ್ಲಿ ಮುರಿದರೂ ಒಳಗೆ ಬ್ರಿಡ್ಲಿಂಗ್ಟನ್ ಅನ್ನುವ ಕೆಂಪು ಅಕ್ಷರ, ಸಕ್ಕರೆಕಡ್ಡಿಗಾದರೂ ಸುಳ್ಳು ಬರುವುದಿಲ್ಲ. ಅದಕ್ಕೇ ಸಮುದ್ರ ನೋಡಿ ಯಾವ ಕಾಲವಾಯಿತು ಅಂದೆ, ನಾನೇ ಇಲ್ಲಿಯ ಬಸ್ಸಿನಲ್ಲಿ ಎರಡು ಸೀಟು ಹಿಡಿದೆ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ಅವನ ಮುಖ. ಮಗಳ ಹತ್ತಿರ ಹೇಳಿಕೊಳ್ಳೋಣವೆಂದರೆ, ನನ್ನ ಮೇಲೆ ಸಿಟ್ಟು ಮಾಡಿ ಬಾಗಿಲು ಬಡಿದು ಹೋದ ಗ್ಲೆನಿಸ್ ಐದು ವರ್ಷವಾದರೂ ಕ್ರಿಸ್ಮಸ್ಸಿಗೊಂದು ಕಾರ್ಡು ಹಾಕಲಿಲ್ಲ, ಅವಳ ಹೆಸರೆತ್ತಿದರೆ ವಿಲ್ಫ್ ಎದ್ದು ಹೋಗಿ ಕೆಟಲ್ ಇಡುತ್ತಾನೆ.

ಗೆಜ್ಜೆ ಹತ್ತಿರ ಬಂತು, ಮೆಟ್ಟಿಲ ಪಕ್ಕದಲ್ಲೇ, ಹಣೆಪಟ್ಟಿಯ ಮೇಲೆ ಬಟರ್‌ಕಪ್ ಅಂತ ಬರೆದ ಬೂದು ಕತ್ತೆ ಸಾಲು ಬಿಟ್ಟು ಬಂದು ಅವನ ಎಡಗಡೆಯ ಜೇಬಿಗೆ ಮೂತಿ ತೂರಿಸಿತು, ಪೆಪ್ಪರ್‌ಮಿಂಟಿನ ಜೇಬು, ನನಗೊಬ್ಬಳಿಗೇ ಗೊತ್ತು ಅಂದುಕೊಂಡಿದ್ದ ಜೇಬು. ಹೋಗ್, ಹೋಗತ್ಲಾಗೆ, ಅಂದ ವಿಲ್ಫ್. ಕತ್ತೆಯವನು ನಗುತ್ತ ಬಂದ, ಏನ್ ಯಜಮಾನ್ರೇ, ಗುರುವಾರ ಬಿಟ್ಟು ಇವತ್ತು, ಮೊಮ್ಮಗಳೆಲ್ಲಿ, ಗ್ಲೆನಿಸಮ್ಮ ಕರ್ಕೊಂಡ್ ಬರ್ಲಿಲ್ವಾ? ಮೊಮ್ಮಗಳು — ಯಾರ ಮೊಮ್ಮಗಳು — ನನ್ನತ್ತ ತಿರುಗಿ ಟೋಪಿ ಮುಟ್ಟಿದ, ಇವ್ರು ನಿಮ್ಮಕ್ಕಾನಾ? ಒಳ್ಳೇದಾಯ್ತು ಬಿಡಿ, ಜೊತೆಗೊಬ್ರು ಬೇಕು, ಆ ಮಗು ಹೇಳ್ತಿರುತ್ತೆ, ನಮ್ಮಜ್ಜಿ ಸತ್ತೋಗಿದಾಳೆ ಅಂತ, ಪಾಪ. ಸತ್ತೋಗಿದಾಳೆ. ಯಾರು ಕೊಂದರು ನನ್ನನ್ನು, ಮಗಳೇ, ಇವನೇ, ಇಬ್ಬರೂ ಒಂದು ಗುರುವಾರ ಕೂತು ಚಿಪ್ಸ್ ತಿನ್ನುತ್ತ — ಮೀನಿನಂಗಡಿಯವಳೇ ಆಗಿರಬಾರದಿತ್ತೇ ದೇವರೇ, ಜುಟ್ಟು ಹಿಡಿದು ಎಳೆಯಬಹುದಿತ್ತು, ಮನೆಗೆ ಹೋಗಿ ಅಳಬಹುದಿತ್ತು. ಮಗುವಿನ ಹೆಸರೇನು ಅಂತ ಕೇಳಬೇಕು. ಮೇವಿಸ್, ಅನ್ನುತ್ತಿದ್ದಾನೆ ವಿಲ್ಫ್, ಮೇವಿಸ್, ಕೇಳಿಲ್ಲಿ, ಕಣ್ಣು ತುಂಬಿಕೊಂಡಿದೆ ಅವನಿಗೆ, ಆದರೆ ಬೆರಳು, ಅವನ ಬೆರಳು ತಮ್ಮಷ್ಟಕ್ಕೆ ತಾವೇ ಪೆಪ್ಪರ್‌ಮಿಂಟಿನ ಕಾಗದ ಬಿಡಿಸುತ್ತಿವೆ, ಪ್ರತಿ ಗುರುವಾರ ಬಿಡಿಸಿದ ಹಾಗೆ, ಆ ಮೂತಿ ಕಾಯುತ್ತಿದೆ, ಎಡಗಡೆಯ ಜೇಬು, ಆ ಮೂತಿ, ಎಡಗಡೆಯ ಜೇಬು