ಬೆಸ್ಸಿ ನೀರು ಕುಡಿಯಬೇಕು

ಅಬ್ದುಲಗನಿ ಮೇಲಕ್ಕೆ ಮಡಚಿದ್ದ ಅಂಗಿಯ ತೋಳುಗಳನ್ನು ಮತ್ತೆ ಕೆಳಗಿಳಿಸಿಕೊಂಡ. ಸತ್ತವನಿಗೆ ಗುಸುಲ ಮಾಡಿಸಲು, ಅಂದರೆ ಕೊನೆಯ ಸ್ನಾನ ಮಾಡಿಸಲು ಬಂದವನು ಈಗ ಎರಡು ಹೆಜ್ಜೆ ಹಿಂದೆ ಸರಿದು ನಿಂತಿದ್ದ. ಹಿತ್ತಲಲ್ಲಿ ಹಲಗೆಯ ಮೇಲೆ ಮಕ್ತುಮಸಾಬ ಬಿಳಿ ಬಟ್ಟೆ ಹೊದ್ದು ಮಲಗಿದ್ದ. ಬಲಗೈ ಮಾತ್ರ ಹೊದಿಕೆಯಿಂದ ಹೊರಗೆ ಜಾರಿತ್ತು. ಹೆಬ್ಬೆರಳ ಬುಡದಲ್ಲಿ ಹಲ್ಲಿನ ಗುರುತು ಕಾಣುತ್ತಿತ್ತು.

"ಲಾಲಸಾಬ, ಇದು ನಾಯಿ ಕಡದದ್ದು ಹೌದಲ್ಲೋ?"

ಲಾಲಸಾಬ ತೀರಿಕೊಂಡವನ ತಮ್ಮ. "ಹೌದು ಕಾಕಾ. ಹ್ವಾದ ತಿಂಗಳ ಕಡದಿತ್ತು. ಗಾಯ ಒಣಗಿತ್ತಲ್ಲ."

"ಗಾಯ ಒಣಗತೈತಿ, ವಿಷ ಒಣಗೂದಿಲ್ಲ. ಅದ ನಾಯೇನು?"

ಎಲ್ಲರ ತಲೆ ಒಮ್ಮೆಲೇ ಹಿತ್ತಲ ಮೂಲೆಗೆ ತಿರುಗಿತು. ಬೆಸ್ಸಿ ಅಲ್ಲಿ ಮಲಗಿತ್ತು. ಉದ್ದ ಕೂದಲಿನ ಮುದಿ ಹೆಣ್ಣುನಾಯಿ, ಕಣ್ಣಿಗೆ ಪೊರೆ, ಕಿವಿ ಕಿವುಡು, ಬಾಯಿಂದ ಜೊಲ್ಲು ಇಳಿಯುತ್ತಿತ್ತು. ಜನ ಬಂದದ್ದು ಮೂಗಿಗೆ ಗೊತ್ತಾಗಿ ಏಳಲು ನೋಡಿತು. ಹಿಂಗಾಲು ಜಾರಿದವು, ಮೈ ತೂರಾಡಿತು, ಮತ್ತೆ ಕುಕ್ಕರಿಸಿತು.

"ಹುಚ್ಚ ಹಿಡದೈತಿ!" ಎಂದು ಯಾರೋ ಅಂದೇಬಿಟ್ಟರು.

ಅಂಗಳದಲ್ಲಿ ಕುಳಿತವರು ಎದ್ದರು, ಎದ್ದವರು ಓಣಿಗಿಳಿದರು. ಕಮರಿಪೇಟೆಯ ಮಂದಿಗೆ ಮಕ್ತುಮಸಾಬನ ಮೇಲೆ ಪ್ರೀತಿ ಇರಲಿಲ್ಲವೆಂದಲ್ಲ. ಆದರೆ ಹುಚ್ಚುನಾಯಿ ಅಂದ ಕೂಡಲೇ ಯಾರಿಗಾದರೂ ಮೊದಲು ನೆನಪಾಗುವುದು ತಮ್ಮ ತಮ್ಮ ಮೀನಖಂಡ.

ಅಬ್ದುಲಗನಿ ಬಾಗಿಲಲ್ಲಿ ನಿಂತಿದ್ದ ಮಕ್ತುಮಸಾಬನ ಹೆಂಡತಿ ಇಮಾಮಬಿಯ ಕಡೆ ನೋಡಿ ದನಿ ತಗ್ಗಿಸಿದ. "ಸಿಟ್ಟಾಗಬ್ಯಾಡ ತಂಗಿ. ಹುಚ್ಚ ಹತ್ತಿ ಸತ್ತಾಂವನ ಜೊಲ್ಲು ನನ್ನ ಕೈಗೆ ಹತ್ತಿದ್ರ ಏನ ಮಾಡ್ಲಿ? ಮನ್ಯಾಗ ಮೊಮ್ಮಕ್ಕಳದಾವು. ನಾ ಮುಟ್ಟಾಂವಲ್ಲ."

"ಹಂಗಾರ ಅವರನ್ನ ತೊಳೀದ ಮಣ್ಣಿಗೆ ಇಡತೀರೇನ್ರಿ, ಕಾಕಾ?"

ಅವನು ಅಂಗಿಯ ತೋಳಿನ ಗುಂಡಿ ಹಾಕಿಕೊಳ್ಳತೊಡಗಿದ. ಇಮಾಮಬಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಗಂಡ ಸತ್ತ ದುಃಖವನ್ನು ಹಿಂದೆ ತಳ್ಳಿ ಭಯ ಮುಂದೆ ಬಂದು ಕೂತಿತ್ತು. ಅವಳು ಯಾರಿಗೂ ಹೇಳದ ಸಂಗತಿಯೊಂದಿತ್ತು. ನಿನ್ನೆ ಸಂಜೆ ಜ್ವರದಲ್ಲಿ ಬೇಯುತ್ತಿದ್ದ ಗಂಡನ ತುಟಿಗೆ ನೀರಿನ ಲೋಟ ಹಿಡಿದಾಗ ಅವನು ಮೋರೆ ತಿರುಗಿಸಿದ್ದ. ಮತ್ತೆ ಹಿಡಿದರೆ ಮತ್ತೆ ತಿರುಗಿಸಿದ್ದ. ಹುಚ್ಚು ಹತ್ತಿದವರು ನೀರಿಗೆ ಅಂಜುತ್ತಾರೆ ಎಂಬುದನ್ನು ಅವಳೂ ಕೇಳಿದ್ದಳು. ಅವನ ಬಾಯಿ ಒರೆಸಿದ್ದು ಇದೇ ಕೈಯಿಂದ. ಹಾಗಾದರೆ ನಾಳೆ ತನಗೂ ಅದೇ ಗತಿಯೇ?

ಪಕ್ಕದ ಮನೆಯ ಉಡಚವ್ವ ಓಡಿಹೋಗದೆ ಉಳಿದವಳು. "ಸುಮ್ನ ಯಾಕ ಗದ್ದಲ ಮಾಡತೀರಿ?" ಎಂದಳು. "ಹುಚ್ಚನಾಯಿ ನೀರ ಮುಟ್ಟೂದಿಲ್ಲ. ಒಂದ ಬೋಗುಣಿ ನೀರಿಟ್ಟ ನೋಡ್ರಿ. ಕುಡದ್ರ ಹುಚ್ಚಿಲ್ಲ."

"ಆತು," ಎಂದ ಅಬ್ದುಲಗನಿ. "ಕುಡದ್ರ ನಾನ ತೊಳೀತೇನಿ."

ಕುಡಿಯದಿದ್ದರೆ ಏನೆಂದು ಯಾರೂ ಕೇಳಲಿಲ್ಲ. ಲಾಲಸಾಬನ ಕೈಗೆ ಆಗಲೇ ಒನಕೆ ಬಂದಿತ್ತು.

ಮಣ್ಣಿನ ಹರವಿಯ ನೀರು ತುಂಬಿ, ಬೋಗುಣಿಯನ್ನು ಕೋಲಿನಿಂದ ನಾಯಿಯ ಮುಂದೆ ತಳ್ಳಿದರು. ಬೆಸ್ಸಿ ಮೂಸಿತು. ನಾಲಗೆ ಅದ್ದಿತು. ಮರುಕ್ಷಣ ಕುಂಯ್ ಎಂದು ತಲೆ ಕೊಡವಿ ಹಿಂದೆ ಜಿಗಿಯಿತು. ಬೋಗುಣಿ ಮಗುಚಿ ನೀರೆಲ್ಲ ಮಣ್ಣುಪಾಲಾಯಿತು.

"ನೋಡಿದ್ರೇನು! ನೋಡಿದ್ರೇನು!"

ಲಾಲಸಾಬ ಗೋಡೆಗುಂಟ ಬಳಸಿ ನಾಯಿಯ ಬೆನ್ನ ಹಿಂದೆ ಹೋದ. ಒನಕೆ ಎತ್ತುವಾಗ ಅವನ ಮೊಣಕಾಲು ಅದರ ಸೊಂಟಕ್ಕೆ ತಾಗಿತು. ಬೆಸ್ಸಿ ಗರ್ರನೆ ತಿರುಗಿ ಬಾಯಿ ಹಾಕಿತು. ಅವನ ಧೋತರದ ಅಂಚು ಪರ್ರನೆ ಹರಿಯಿತು.

"ಹಿಂದಿನಿಂದ ಹೋಗಬ್ಯಾಡೋ ಅದಕ!" ಇಮಾಮಬಿ ಚೀರಿದಳು. ಚೀರಿದ ಮೇಲೆ ಅವಳಿಗೇ ಅಚ್ಚರಿಯಾಯಿತು. ಅದು ಅವಳ ಮಾತಾಗಿರಲಿಲ್ಲ, ಮಕ್ತುಮಸಾಬನದು.

*

ಮಕ್ತುಮಸಾಬ ಹುಟ್ಟಾ ಪಿಂಜಾರ. ರೇಲ್ವೆ ಬಂಗಲೆಗಳಿಗೆ ಗಾದಿಯ ಹತ್ತಿ ಹಿಂಜಲು ಹೋಗುತ್ತಿದ್ದ. ಒಮ್ಮೆ ಯಾವುದೋ ಮಡ್ಡಮ್ಮನ, ಅಂದರೆ ಬಿಳಿ ದೊರೆಸಾನಿಯ, ನಾಯಿಯ ಕೂದಲು ಗಂಟುಗಟ್ಟಿತ್ತು, ಕತ್ತರಿ ಕಂಡರೆ ಅದು ಮೈಮೇಲೆ ಬರುತ್ತಿತ್ತು. ಇವನು ಪಕ್ಕದಲ್ಲಿ ಕೂತು, ಹತ್ತಿ ಬಿಡಿಸುವ ಬೆರಳುಗಳಿಂದಲೇ ಗಂಟು ಬಿಡಿಸಿದ. ಅಲ್ಲಿಂದ ನಾಯಿಗಳ ಮೈತೊಳೆದು ಬಾಚುವುದೇ ಕಸುಬಾಯಿತು. ಎಳೆ ನಾಯಿಗಳಿಗೆ ಮೈತಿಕ್ಕುವವರು ಬೇಕಾದಷ್ಟು ಮಂದಿಯಿದ್ದರು. ನೋವಿಗೆ ಕಚ್ಚುವ, ನಿಂತಲ್ಲಿ ಉಚ್ಚೆ ಹೊಯ್ಯುವ ಮುದಿ ನಾಯಿಗಳು ಮಾತ್ರ ಇವನ ಪಾಲಿಗೆ ಬಂದವು. ಬೆಸ್ಸಿಯ ಸಾಹೇಬ ತನ್ನ ದೇಶಕ್ಕೆ ಹೊರಟಾಗ ಅದಕ್ಕೆ ಗುಂಡು ಹಾಕಲು ಬಂದೂಕು ತೆಗೆದಿದ್ದ. ಇವನು ಕೈಮುಗಿದು ಕೇಳಿ ಮನೆಗೆ ತಂದ.

ಇಮಾಮಬಿಗೆ ನಾಯಿಯೆಂದರೆ ಜೀವ ಹೋದಷ್ಟು ಅಂಜಿಕೆ. ಹೊಸ್ತಿಲು ದಾಟದೆ ಒಳಗಿನಿಂದಲೇ ನೋಡುತ್ತಿದ್ದಳು. ಕಾಲು ಜಾರದಂತೆ ಅವನು ಹಳೆಯ ಕೌದಿ ಹಾಸುತ್ತಿದ್ದ. ಎದುರಿನಿಂದಲೇ ಹೋಗಿ, ಮೂಗಿಗೆ ಕೈ ಹಿಡಿದು, ಅದು ಮೂಸಿ ಒಪ್ಪುವ ತನಕ ಕಾಯುತ್ತಿದ್ದ. ಕಣ್ಣಿನ ಪಿಸುರು ಒರೆಸುತ್ತಿದ್ದ, ಚರ್ಮದ ಗಡ್ಡೆಗಳ ಸುತ್ತ ಕತ್ತರಿ ತಾಗದಂತೆ ಬೆರಳು ಅಡ್ಡ ಇಡುತ್ತಿದ್ದ. ಕಚ್ಚಿಸಿಕೊಂಡ ದಿನವೂ ನಾಯಿಯನ್ನು ಬೈಯಲಿಲ್ಲ. "ತಪ್ಪ ನಂದ. ಅದರ ಸೊಂಟ ನೋಯ್ತಿತ್ತು, ನಾ ಅವಸರ ಮಾಡಿದೆ," ಎಂದಿದ್ದ.

ಅದಕ್ಕೆ ನೀರು ಕಾಯಿಸುವುದೊಂದು ನಿತ್ಯದ ಜಗಳ.

"ಕುಡ್ಯಾಕ ಬಿಸಿನೀರ ಬೇಕೇನು ಇಕಿಗೆ? ಕಟ್ಟಿಗಿ ಏನ್ ಪುಕ್ಕಟ ಬರತಾವೇನ್ರಿ?"

"ಹಲ್ಲ ಹುಳತಾವ ಇಮಾಮಬಿ. ತಣ್ಣೀರ ತಾಗಿದ್ರ ಜೀವ ಹೋದಂಗ ಆಗತೈತಿ. ನಿನ್ನ ದವಡಿ ಬಾತಾಗ ನೀ ಓಣಿ ಎಲ್ಲಾ ಕೇಳುವಂಗ ಒದರಿದ್ದಿಲ್ಲೇನು?"

ಅವಳಿಗೆ ನಗು ಬಂದು, ಬೈಯುವುದು ಮರೆತುಹೋಗಿತ್ತು.

*

"ನಿಂದ್ರೋ ಲಾಲಸಾಬ! ನಾ ಕೊಡತೇನಿ ನೀರು."

"ಹುಚ್ಚದೀಯೇನ್ ಭಾಬಿ? ಸರೀ ಆಚೆ!"

ಇಮಾಮಬಿ ಒಲೆಯ ಬಳಿಗೆ ನಡೆದಳು. ಹಂಡೆಯಲ್ಲಿ ಸತ್ತವನ ಸ್ನಾನಕ್ಕೆ ಕಾಯಿಸಿದ ಬೆಚ್ಚನೆಯ ನೀರಿತ್ತು. ಇನ್ನೊಂದು ಬೋಗುಣಿ ಅದ್ದಿ ತುಂಬಿದಳು.

ಅಬ್ದುಲಗನಿ ಬೆಚ್ಚಿದ. "ತಂಗಿ! ಅದು ಗುಸುಲದ ನೀರು!"

"ಗುಸುಲ ಆಗಬೇಕಾದ್ರ ಇದು ಕುಡೀಬೇಕ್ರಿ, ಕಾಕಾ."

ಬೋಗುಣಿಯನ್ನು ಎರಡೂ ಕೈಯಲ್ಲಿ ಹಿಡಿದು ಹೊರಟಳು. ನಡೆದಷ್ಟೂ ಬೋಗುಣಿಯ ನೀರು ತುಳುಕಿ ಅವಳ ಪಾದ ತೊಯ್ದಿತು. ಒಂದು ವೇಳೆ ಅದಕ್ಕೆ ಖರೇನೇ ಹುಚ್ಚು ಹತ್ತಿದ್ದರೆ? ಕಚ್ಚಿದರೆ? ಎದುರಿಗೆ ಹೋಗಿ ಮೊಣಕಾಲೂರಿ ಕೂತಳು. ಬೆಸ್ಸಿಯ ತುಟಿ ಮೇಲಕ್ಕೆದ್ದು ಹಳದಿ ಹಲ್ಲು ಕಂಡವು. ಗುರುಗುಟ್ಟುವ ಸದ್ದು ಅವಳ ಎದೆಗೂಡಿಗೇ ಕೇಳಿಸುತ್ತಿತ್ತು. ಕಣ್ಣು ಮುಚ್ಚಿ ಕೈ ಚಾಚಿದಳು. ಕಾದಳು.

ತಣ್ಣನೆಯ ಮೂಗು ಬೆರಳಿಗೆ ತಾಗಿತು. ಜೊಲ್ಲು ಅಂಗೈಗೆ ಇಳಿಯಿತು. ಅವಳು ಕೈ ಹಿಂದೆ ತೆಗೆಯಲಿಲ್ಲ. ಗುರುಗುಟ್ಟುವುದು ನಿಂತಿತು. ಇನ್ನೊಂದು ಕೈಯಿಂದ ಬೋಗುಣಿಯನ್ನು ಮುಂದೆ ಸರಿಸಿದಳು.

ಬೆಸ್ಸಿ ಮೂಸಿ, ನಾಲಗೆ ಅದ್ದಿ, ಒಂದು ಗಳಿಗೆ ತಡೆಯಿತು. ಆಮೇಲೆ ಲೊಚಲೊಚ ಕುಡಿಯತೊಡಗಿತು. ಎಷ್ಟು ಹೊತ್ತಿನ ದಾಹವಿತ್ತೋ, ಬೋಗುಣಿಯ ತಳ ನೆಕ್ಕುವವರೆಗೂ ಬಿಡಲಿಲ್ಲ.

ಉಡಚವ್ವ ಸೆರಗು ಬಾಯಿಗಿಟ್ಟು ಗಟ್ಟಿಯಾಗಿ ಅತ್ತಳು. ಅಬ್ದುಲಗನಿ ಅಂಗಿಯ ತೋಳು ಮಡಚಿದ. "ಲಾಲಸಾಬ, ಒನಕಿ ಇಡು. ಚಾದರ ಅಡ್ಡ ಹಿಡಿ," ಎಂದ.

ಚಾದರದ ಹಿಂದೆ ನೀರು ಸುರಿಯುವ ಸದ್ದು ಕೇಳಿದಾಗ ಇಮಾಮಬಿಗೆ ಉಸಿರು ಬಂತು. ನಾಯಿಗೆ ಹುಚ್ಚಿಲ್ಲ. ಗಂಡ ಹುಚ್ಚಿನಿಂದ ಸಾಯಲಿಲ್ಲ, ತಾನೂ ಸಾಯುವುದಿಲ್ಲ. ಸಂತೋಷವಾಯಿತು; ಇಂಥ ದಿನ ಸಂತೋಷವಾಯಿತೆಂದು ನಾಚಿಕೆಯೂ ಆಯಿತು. ಹಾಗಾದರೆ ಅವನು ಮೋರೆ ತಿರುಗಿಸಿದ್ದೇಕೆ? ನಿನ್ನೆ ಅವಳು ತುಟಿಗೆ ಹಿಡಿದದ್ದೂ ಹರವಿಯ ತಣ್ಣೀರೇ. ಅವನಿಗೂ ಬಿಸಿನೀರು ಬೇಕಿತ್ತೇ? ಇನ್ನು ಕೇಳಲು ಅವನಿಲ್ಲ.

ಶವ ಹೊತ್ತ ಜನಾಜಾ ಎದ್ದಾಗ ಓಡಿಹೋದವರೆಲ್ಲ ಹೆಗಲು ಕೊಡಲು ಮರಳಿ ಬಂದಿದ್ದರು. ಮುಂಬಾಗಿಲು ಇಕ್ಕಟ್ಟು, ಹಿತ್ತಲಿಂದಲೇ ಒಯ್ದರು. ಬೆಸ್ಸಿಯ ಮೂಗಿನಿಂದ ಒಂದು ಮಾರು ದೂರದಲ್ಲೇ ಮಕ್ತುಮಸಾಬ ದಾಟಿಹೋದ. ಅದು ತಲೆಯೆತ್ತಿ ಗಾಳಿ ಮೂಸಿತು. ಕರ್ಪೂರ, ಅತ್ತರು, ಹೊಸ ಬಟ್ಟೆ. ಗುರುತು ಸಿಗಲಿಲ್ಲ. ತಲೆ ತಗ್ಗಿಸಿತು.

ಉಳಿದ ಹೆಂಗಸರು ಒಳಗೆ ಹೋದರು, ಇಮಾಮಬಿ ಹಿತ್ತಲಲ್ಲೇ ಕೂತಳು. ಬೆಸ್ಸಿ ತಡಕಾಡಿ ಮಗ್ಗುಲು ಹೊರಳಿ ಇಮಾಮಬಿಯ ಮುಂದೆ ಮಲಗಿತು. ಕೆಳಗೆ ಹೋದ ಮಗ್ಗುಲನ್ನು ಮಕ್ತುಮಸಾಬ ಜ್ವರ ಬರುವ ಮೊದಲೇ ಬಾಚಿ ಮುಗಿಸಿದ್ದ. ಈಗ ಮೇಲೆ ಬಂದ ಮಗ್ಗುಲಿಗೆ ಕೈ ಹತ್ತಿರಲಿಲ್ಲ; ಸೊಂಟದ ತನಕ ಗಂಟು ಗಂಟು. ನಾಯಿ ಕಣ್ಣು ಮುಚ್ಚಿ ಕಾಯುತ್ತಿತ್ತು.

ಇಮಾಮಬಿ ಅದರ ಮೂಗಿಗೆ ಕೈ ಹಿಡಿದು, ಅದು ಮೂಸುವ ತನಕ ಕಾದಳು. ಆಮೇಲೆ ಅವಳ ಬೆರಳುಗಳು ಮೊದಲನೆಯ ಗಂಟಿನೊಳಗೆ ಹೋದವು.