ಅಕ್ಕನಿಗೆ ಹೊಡೆದ ತಂತಿ

ತಂಗಿಯ ಕಿವಿಯಷ್ಟು ಚುರುಕಾದ ಕಿವಿ ಮೂರು ಲೋಕದ ತಂತಿ ಕಚೇರಿಗಳಲ್ಲೂ ಇರಲಿಲ್ಲ. ಗುಡುಗಿನ ನಡುವೆ ಇರುವೆ ಕೆಮ್ಮಿದರೂ ಬರೆದುಕೊಳ್ಳುತ್ತಿದ್ದಳು. ಇದರಲ್ಲಿ ಅರ್ಧ ಸುಳ್ಳು. ಯಾವ ಅರ್ಧ ಎಂದು ಕೇಳಬೇಡಿ.

ಗಾಳಿಮಳೆ ಬಂದರೆ ತಂತಿಯಲ್ಲಿ ಬರುವ ಟಕ್ಕುಗಳ ನಡುವೆ ಯಾರೂ ಬಡಿಯದ ಟಕ್ಕುಗಳೂ ನುಸುಳುತ್ತಿದ್ದವು. ಅದಕ್ಕೇ ಕಚೇರಿಯ ಕಟ್ಟಪ್ಪಣೆ: ಆ ಕಡೆಯವರು ಕೇಳಿಸಿಕೊಂಡದ್ದನ್ನು ತಿರುಗಿ ಬಡಿದು ಒಪ್ಪಿಸಬೇಕು. ಊರವರ ಸುದ್ದಿಯಾದರೆ ತಂಗಿ ಮೂರು ಸಲ ಒಪ್ಪಿಸಿಕೊಳ್ಳುತ್ತಿದ್ದಳು.

ಅವಳ ನಾಲಿಗೆಗೆ ಮಾತ್ರ ಯಾವ ಅಪ್ಪಣೆಯೂ ಇರಲಿಲ್ಲ. ಪಕ್ಕದ ಮೇಜಿನಲ್ಲೇ ಅಕ್ಕನ ಕೆಲಸ. ಒಂದು ದಿನ ಸಾಹೇಬರನ್ನು ನಗಿಸಲು ಹೋಗಿ, "ನಮ್ಮಕ್ಕ ಒಂದು ಸಾಲು ಬಡಿಯೋಷ್ಟರಲ್ಲಿ ಕೋಳಿ ಮೊಟ್ಟೆ ಇಟ್ಟು, ಮರಿ ಮಾಡಿ, ಮೊಮ್ಮಕ್ಕಳನ್ನೂ ಕಂಡಿರತ್ತೆ ಸಾರ್" ಎಂದಳು. ಸಾಹೇಬರು ನಗಲಿಲ್ಲ. ವಾರದೊಳಗೆ ಅಕ್ಕನನ್ನು ಕಡಲಂಚಿನ ಕಚೇರಿಗೆ ಎತ್ತಿಹಾಕಿದರು. ಹೋಗುವಾಗ ಅಕ್ಕ ತಿರುಗಿಯೂ ನೋಡಲಿಲ್ಲ.

ಎರಡು ತಿಂಗಳು ತಂಗಿ ಅಕ್ಕನ ಖಾಲಿ ಮೇಜನ್ನು ದಿನಾ ಒರೆಸಿಟ್ಟಳು. ಕಡೆಗೊಂದು ಸಂಜೆ, ಗುಡುಗು ಸಿಡಿಲಿನ ನಡುವೆ, ಕಚೇರಿ ಖಾಲಿಯಾದ ಹೊತ್ತು ನೋಡಿ ಬಡಿದಳು: ತಪ್ಪಾಯ್ತು ಅಕ್ಕಾ, ಕ್ಷಮಿಸು. ಆ ಕಡೆಯಿಂದ 'ಬಂತು' ಎನ್ನುವ ಹಾಗೆ ಟಕ್ ಟಕ್ ಎಂದಿತು. ಅಷ್ಟೇ. ಒಪ್ಪಿಸು ಎಂದು ಕೇಳಬೇಕಿತ್ತು. ಕೇಳಿದರೆ ಅಕ್ಕ 'ಇನ್ನೊಮ್ಮೆ ಬಡಿ' ಎಂದುಬಿಟ್ಟರೆ? ಒಂದು ಸಲ ಬಗ್ಗಿದ್ದೇ ಹೆಚ್ಚಾಗಿತ್ತು. ಬಂತು ಎಂದುಕೊಂಡು ಎದ್ದುಬಿಟ್ಟಳು.

ಅಕ್ಕನಿಂದ ಒಂದು ಕಾಗದವೂ ಬರಲಿಲ್ಲ. ಕ್ಷಮೆ ಕೇಳಿದರೂ ಈ ಬಿಗುಮಾನವೇ ಎಂದು ತಂಗಿಯೂ ಮುಖ ಊದಿಸಿಕೊಂಡಳು. ಕಡಲ ಕಡೆಯ ತಂತಿಯನ್ನೇ ಬೇರೆಯವರ ಮೇಜಿಗೆ ದಾಟಿಸಿದಳು. ಹೀಗೆ ಮೂವತ್ತೊಂದು ವರ್ಷ.

ಕೊನೆಗೆ ತಂಗಿಯ ಮಗಳು ಹಟ ಹಿಡಿದು ದೊಡ್ಡಮ್ಮನನ್ನು ಮನೆಗೆ ಕರೆತಂದಳು.

"ಒಂದು ಮಾತು ಅಂದಿದ್ರೆ ಓಡಿ ಬರ್ತಿದ್ದೆ ಕಣೇ" ಎಂದಳು ಅಕ್ಕ.

"ಅಂದಿದ್ದೆನಲ್ಲ! ನೀನು ಹೋಗಿ ಎರಡು ತಿಂಗಳಿಗೆ, ಆ ಸಿಡಿಲಿನ ಸಂಜೆ. ಬಂತು ಅಂತ ನೀನೇ ಬಡಿದೆ."

"ನಾನಾ? ಸಿಡಿಲು ಅಂದ್ರೆ ತಂತಿ ಕಳಚಿಟ್ಟು ಮೇಜಿನ ಕೆಳಗೆ ಸೇರೋಳು ನಾನು. ನಿಂಗೆ ಉತ್ತರ ಕೊಟ್ಟಿದ್ದು ಆ ಸಿಡಿಲೇ ಇರ್ಬೇಕು!"

ಅಕ್ಕ ಬಿದ್ದುಬಿದ್ದು ನಕ್ಕಳು. ತಂಗಿಗೆ ನಗು ಬರಲಿಲ್ಲ. ಅಕ್ಕನ ಮದುವೆಗೆ ಹೋಗಿರಲಿಲ್ಲ. ಭಾವ ತೀರಿಕೊಂಡಾಗಲೂ ಹೋಗಿರಲಿಲ್ಲ.

"ಸರಿ, ಅವತ್ತು ಏನಂದಿದ್ದೆ? ಈಗ ಹೇಳು."

ಮಗಳು, ಅಳಿಯ, ಅಳತೆ ತೆಗೆಯಲು ಬಂದ ದರ್ಜಿ ಕೂಡ ಕಿವಿ ನೆಟ್ಟು ನಿಂತರು. ತಂಗಿ ಬಾಯಿ ತೆರೆದಳು. ಏನು ಹೊರಬಿತ್ತು ಅಂತೀರಿ, ಆ ಸಂಜೆಯ 'ತಪ್ಪಾಯ್ತು' ಮಾತೋ, ಇನ್ನೊಂದು ಕೋಳಿಯ ಕತೆಯೋ? ಇಷ್ಟು ಹೊತ್ತು ಅವಳನ್ನು ಕಂಡಿದ್ದೀರಲ್ಲ, ನೀವೇ ಹೇಳಿ ನೋಡೋಣ.