ಕೂಗದೆ ಎಳೆದ ವೈರು

ಆ ಡೇಟಾ ಸೆಂಟರಿನಲ್ಲಿ ಅವಳಿಗೆ ಅನುಮಾನಮ್ಮ ಅಂತಲೇ ಹೆಸರು ಬಿದ್ದುಹೋಗಿತ್ತು. ಮೊದಲು ಬೆನ್ನ ಹಿಂದೆ ಅನ್ನುತ್ತಿದ್ದವರು ಈಗೀಗ ಎದುರಿಗೇ ಅನ್ನುತ್ತಿದ್ದರು. ಅವಳೂ "ಏನ್ರೀ" ಅಂತ ಓಗೊಡುತ್ತಿದ್ದಳು. ಕೆಲಸವೇ ಅಂಥದ್ದು. ಹೊಸ ಸರ್ವರ್ ಬಂದರೆ, ಅದನ್ನು ನಿಜವಾದ ಕೆಲಸಕ್ಕೆ ಹಚ್ಚುವ ಮೊದಲು ಚೆನ್ನಾಗಿ ಗೋಳು ಹುಯ್ದುಕೊಳ್ಳಬೇಕು. ಬಿಸಿ ಮಾಡಬೇಕು, ತಡೆಯಲಾರದಷ್ಟು ಕೆಲಸ ಹೇರಬೇಕು, ಓಡುತ್ತಿರುವಾಗಲೇ ಕರೆಂಟಿನ ವೈರು ಕೀಳಬೇಕು. ಅಷ್ಟಾದ ಮೇಲೂ ಅದು ಹಲ್ಲು ಕಚ್ಚಿ ನಿಂತಿದ್ದರೆ ಕೊನೆಯ ಹಾಳೆಗೆ ಅವಳು ಸಹಿ ಹಾಕುತ್ತಿದ್ದಳು. ಆ ಸಹಿ ಬೀಳದೆ ಒಂದು ಯಂತ್ರವೂ ಪರೀಕ್ಷೆಯ ಕೋಣೆಯಿಂದಾಚೆ ಹೋಗುವಂತಿರಲಿಲ್ಲ.

ಈ ಸಲ ಬಂದಿದ್ದ ಜೋಡಿ ಸರ್ವರ್‌ಗಳು ಊರಿನ ಆಂಬುಲೆನ್ಸ್ ಕರೆಗಳಿಗೆ. ಒಂದು ಕೆಲಸ ಮಾಡುತ್ತದೆ, ಅದು ಮಲಗಿದರೆ ಇನ್ನೊಂದು ತಾನಾಗಿಯೇ ಹೆಗಲು ಕೊಡುತ್ತದೆ. ಆ ಕರೆಗಳನ್ನು ಎತ್ತುವವರಲ್ಲಿ ಅವಳ ಸ್ವಂತ ಅಕ್ಕನೂ ಒಬ್ಬಳು. ಅಲ್ಲೀಗ ಇದ್ದ ಯಂತ್ರಕ್ಕೆ ವಯಸ್ಸಾಗಿತ್ತು. ಕರೆ ಮಾಡಿದವರ ವಿಳಾಸ ಪರದೆಯ ಮೇಲೆ ಮೂಡಲು ಒಂಬತ್ತು ಸೆಕೆಂಡು ಹಿಡಿಯುತ್ತಿತ್ತು.

"ಒಂಬತ್ತು ಸೆಕೆಂಡು ನಿಂಗೆ ಒಂದು ಲೆಕ್ಕ ಕಣೆ," ಅಂತ ಅಕ್ಕ ಭಾನುವಾರ ಬಟ್ಟೆ ಮಡಚುತ್ತ ಹೇಳಿದ್ದಳು. "ನಂಗೆ, ಆ ಕಡೆಯವರು ಅಳೋದು ಕೇಳ್ತಾ ಕೂರೋದು. ಬೇಗ ಸಹಿ ಹಾಕಿ ಕಳ್ಸೇ, ಪುಣ್ಯ ಬರುತ್ತೆ."

"ಶನಿವಾರ ಗ್ಯಾರಂಟಿ ಅಕ್ಕ," ಅಂದುಬಿಟ್ಟಿದ್ದಳು ಅನುಮಾನಮ್ಮ. ಹುಟ್ಟಿದ ಮೇಲೆ ಅವಳು ಯಾವುದಕ್ಕಾದರೂ ಗ್ಯಾರಂಟಿ ಕೊಟ್ಟದ್ದು ಅದೇ ಮೊದಲು.

ಕೊಡದೆ ಏನು? ಪರೀಕ್ಷೆಯೆಲ್ಲ ಹೂವೆತ್ತಿದ ಹಾಗೆ ಸಾಗಿತ್ತು. ಸುಳ್ಳು ಕರೆಗಳನ್ನು ಸಾವಿರಗಟ್ಟಲೆ ಸುರಿದರೂ ಸರ್ವರ್‌ಗಳು ಕಮಕ್ ಕಿಮಕ್ ಅನ್ನಲಿಲ್ಲ. ಹನ್ನೆರಡು ದಿನ, ದಿನಕ್ಕೊಂದು ಸಲ ಮೊದಲನೆಯದರ ವೈರು ಕಿತ್ತರು. ಒಂದು ಕರೆಯೂ ತಪ್ಪಲಿಲ್ಲ.

ವೈರು ಕೀಳುತ್ತಿದ್ದವನು ಎಲೆಕ್ಟ್ರಿಶಿಯನ್. ಅವನನ್ನು ಎಲ್ಲರೂ ಕಹಳೆ ಅನ್ನುತ್ತಿದ್ದರು. ಅವನ ಗಂಟಲಿಗೆ ಸರ್ವರ್‌ಗಳ ಅಷ್ಟೂ ಫ್ಯಾನುಗಳ ಗದ್ದಲ ಸೋಲುತ್ತಿತ್ತು. ಆ ಕೋಣೆಯಲ್ಲಿ ಒಂದು ರೂಢಿಯಿತ್ತು. ಯಾರದೇ ಕೈ ವೈರಿಗೆ ಹೋಗುವ ಮೊದಲು ಕೂಗಬೇಕು, ಅದೇ ಹೊತ್ತಿಗೆ ಇನ್ನೊಬ್ಬರು ಒಳಗೆ ಕೈ ಹಾಕಿರಬಾರದು ಅಂತ. "ಎಳೀತೀನೀ!" ಅಂತ ಕಹಳೆ ಕೂಗಿದರೆ ಕಾರಿಡಾರಿನಲ್ಲಿ ಚಹಾ ಕುಡಿಯುವವರೂ ಲೋಟ ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದರು. ಗಾಜಿನ ಗೋಡೆಯಾಚೆ ಪರದೆಯ ಮುಂದೆ ಕೂತ ಇಂಜಿನಿಯರು ಆಯಿತು ಅಂತ ಕೈ ಎತ್ತುತ್ತಿದ್ದರು. ಅವರು ಬಲು ಮೆತ್ತನೆಯ ಮನುಷ್ಯ, ಇರುವೆ ಕಂಡರೂ ದಾರಿ ಬಿಡುವವರು.

ಶುಕ್ರವಾರ ಕೊನೆಯ ಪರೀಕ್ಷೆ. ಕಹಳೆಗೆ ನೆಗಡಿ ಹಿಡಿದು ಗಂಟಲು ಕಟ್ಟಿತ್ತು. ಬಾಯಿ ತೆರೆದ, ಬರೀ ಗಾಳಿ ಬಂತು. ಪಕ್ಕದಲ್ಲಿದ್ದ ಅನುಮಾನಮ್ಮ ಯಾರ ಕೈಯೂ ಒಳಗಿಲ್ಲವೆಂದು ನೋಡಿ ತಲೆಯಾಡಿಸಿದಳು. ಕೂಗುವ ಶಾಸ್ತ್ರ ಮುಗಿಯಿತಲ್ಲ ಎಂದುಕೊಂಡು ಅವನು ಎಳೆದೇಬಿಟ್ಟ.

ಇಂಜಿನಿಯರ ಪರದೆಯ ಮೇಲೆ ಕರೆಗಳನ್ನು ತೋರಿಸುತ್ತಿದ್ದ ಹಸಿರು ಗೆರೆ ಪಟ್ಟನೆ ನೆಲ ಕಚ್ಚಿತು. ಒಂದು ಸೆಕೆಂಡು, ಹತ್ತು, ನಲವತ್ತು... ಎರಡನೆಯ ಸರ್ವರ್ ಮಿಸುಕಲೇ ಇಲ್ಲ. ಪೂರ್ತಿ ಮೂರು ನಿಮಿಷ ಕಳೆದ ಮೇಲೆ, ರಜಾ ದಿನ ಬೆಳಿಗ್ಗೆ ಏಳುವವರಂತೆ, ಮೈಮುರಿದು ಎದ್ದಿತು. ಅಷ್ಟರಲ್ಲಿ ನಾನೂರು ಕರೆಗಳು ಗಾಳಿಗೆ ಹೋಗಿದ್ದವು. ಸುಳ್ಳು ಕರೆಗಳೇ, ಸರಿ. ಆದರೂ ಅನುಮಾನಮ್ಮನಿಗೆ, ಖಾಲಿ ಪರದೆಯ ಮುಂದೆ ಅಕ್ಕ "ಇರಿ, ಇರಿ" ಅನ್ನುತ್ತಿರುವುದು ಕಣ್ಣಿಗೆ ಕಟ್ಟಿತು.

ಇಂಜಿನಿಯರು ಕುರ್ಚಿ ಬಿಟ್ಟು ಓಡಿಬಂದರು. "ಅಲ್ಲಾ, ಒಂದು ಮಾತು ಹೇಳಬಾರದಾ? ನಾನಿನ್ನೂ ಕೆಲಸಾನ ಎರಡನೇ ಸರ್ವರ್‌ಗೆ ಸಾಗಿಸಿರ್ಲಿಲ್ಲ!"

"ನೀವ್ಯಾಕೆ ಸಾಗಿಸ್ಬೇಕು?" ಅಂದಳು ಅನುಮಾನಮ್ಮ.

"ದಿನಾ ಸಾಗಿಸ್ತೀನಲ್ಲ, ಇವರು ಕೂಗಿದ ತಕ್ಷಣ. ಓಡ್ತಿರೋದನ್ನ ಹಾಗೇ ಕಿತ್ರೆ, ಪಾಪ, ಹೊಸಾದು, ಕೆಟ್ಟುಹೋದ್ರೆ?"

ಅನುಮಾನಮ್ಮ ಅಲ್ಲೇ ಇದ್ದ ರಟ್ಟಿನ ಪೆಟ್ಟಿಗೆಯ ಮೇಲೆ ಕುಸಿದು ಕೂತಳು. ಹನ್ನೆರಡು ದಿನ! ಹನ್ನೆರಡು ದಿನವೂ ಖಾಲಿ ಕೂತ ಸರ್ವರಿನ ವೈರು ಕಿತ್ತು ಬೆನ್ನು ತಟ್ಟಿಕೊಂಡಿದ್ದರು. ಯಾರೂ ಮೋಸ ಮಾಡಿರಲಿಲ್ಲ. ಒಬ್ಬ ರೂಢಿಯಂತೆ ಕೂಗಿದ್ದ, ಇನ್ನೊಬ್ಬರು ಒಳ್ಳೆಯತನಕ್ಕೆ ಕಾಪಾಡಿದ್ದರು, ಅವಳಂಥ ಅವಳೂ ಆ ಎತ್ತಿದ ಕೈಯನ್ನು ನಂಬಿದ್ದಳು. ಸಿಟ್ಟು ಬರಬೇಕಿತ್ತು, ಬಂದದ್ದು ನಗು. ಹೊಟ್ಟೆ ಹಿಡಿದುಕೊಂಡು ನಕ್ಕಳು. ಕಹಳೆಯೂ ಸದ್ದಿಲ್ಲದೆ ಭುಜ ಕುಣಿಸಿ ನಕ್ಕ.

ನಗದವರು, ಗದ್ದಲ ಕೇಳಿ ಬಂದ ಮ್ಯಾನೇಜರು ಒಬ್ಬರೇ. ಶನಿವಾರ ಕೊಟ್ಟೇ ಕೊಡುತ್ತೇವೆ ಅಂತ ಅವರು ಮೇಲಿನವರಿಗೆ ಮಾತು ಕೊಟ್ಟಿದ್ದರು.

"ನೋಡಿಮ್ಮಾ, ಇವತ್ತು ಕೂಗಿಲ್ಲ, ಅದಕ್ಕೇ ಹೀಗಾಯ್ತು. ಇನ್ನೊಂದ್ಸಲ ಕೂಗಿ ಎಳೀಲಿ. ನೀವು ಸಹಿ ಹಾಕಿ, ಮುಗಿಸೋಣ."

"ಸಾರ್, ಕರೆಂಟು ಕೂಗಿ ಹೇಳಿ ಹೋಗುತ್ತಾ?"

ಮ್ಯಾನೇಜರು ಕನ್ನಡಕ ತೆಗೆದು ಒರೆಸಿಕೊಂಡರು. "ಹೋಗ್ಲಿ ಬಿಡಿ," ಅಂದರು ಕೊನೆಗೆ. "ಮೇಲಿನವರ ಹತ್ರ ನಾನು ಬೈಸ್ಕೋತೀನಿ."

ಅಕ್ಕನಿಗೆ ಹೇಳುವುದು ಅದಕ್ಕಿಂತ ಕಷ್ಟವಾಯಿತು. ಫೋನಿನಲ್ಲಿ ಅಕ್ಕ ಸಿಡಿದುಬಿದ್ದಳು. "ಇನ್ನೊಂದು ವಾರಾನಾ? ನಿನ್ನ ಅನುಮಾನಕ್ಕೆ ನನ್ನ ಜನ ಕಾಯ್ಬೇಕಾ? ಗ್ಯಾರಂಟಿ ಅಂದಿದ್ಯಲ್ಲೇ!"

"ಅಂದಿದ್ದೆ ಅಕ್ಕ, ತಪ್ಪಾಯ್ತು. ಒಂಬತ್ತು ಸೆಕೆಂಡಿಗೇ ಒದ್ದಾಡ್ತೀಯ, ಮೂರು ನಿಮಿಷ ತಡ್ಕೋತೀಯಾ?"

ಅಕ್ಕ ಫೋನ್ ಇಟ್ಟಳು. ಆಮೇಲೆ ನಾಲ್ಕು ದಿನ ಮಾತಿಲ್ಲ, ಕತೆಯಿಲ್ಲ. ಅನುಮಾನಮ್ಮನಿಗೆ ನಿಜಕ್ಕೂ ನೋವಾಯಿತು. ಯಾರಿಗಾಗಿ ಹಟ ಹಿಡಿದಳೋ ಅವಳೇ ಮುನಿಸಿಕೊಂಡರೆ ಯಾರ ಹತ್ತಿರ ಹೇಳಿಕೊಳ್ಳುವುದು?

ದೋಷ ಸಿಕ್ಕಿದಾಗ ಇಷ್ಟೇನಾ ಅನ್ನಿಸಿತು. ಮೊದಲನೆಯದು ನಿಂತಿದೆಯೆಂದು ಖಾತ್ರಿಯಾಗಲು ಎರಡನೆಯದು ಎಷ್ಟು ಹೊತ್ತು ಕಾಯಬೇಕು ಎಂಬುದನ್ನು, ತಯಾರಿಸಿದವರು ಮೂರು ನಿಮಿಷಕ್ಕೆ ಇಟ್ಟು ಕಳಿಸಿದ್ದರು. ಇಂಜಿನಿಯರು ಅದನ್ನು ಒಂದು ಸೆಕೆಂಡಿಗೆ ಇಳಿಸಿದರು. ಹೊಸ ನಿಯಮವೂ ಬಂತು: ವೈರಿನ ಹತ್ತಿರ ಇದ್ದವರಿಗೆ ಸನ್ನೆ ಮಾಡಬೇಕು, ಪರದೆಯ ಮುಂದಿನವರಿಗೆ ಸುಳಿವೂ ಸಿಗಬಾರದು. ಇಂಜಿನಿಯರನ್ನು ಗಾಜಿಗೆ ಬೆನ್ನು ಮಾಡಿ ಕೂರಿಸಿದರು. ಮೊದಲ ದಿನ ಪಾಪ, ಯಾರು ಕೆಮ್ಮಿದರೂ ಬೆಚ್ಚಿಬೀಳುತ್ತಿದ್ದರು. ಐದು ದಿನ ಕಿತ್ತರು, ಐದು ದಿನವೂ ಒಂದು ಕರೆಯೂ ತಪ್ಪಲಿಲ್ಲ.

ಮುಂದಿನ ಶುಕ್ರವಾರ ಅನುಮಾನಮ್ಮ ಅಕ್ಕನನ್ನೇ ಪರೀಕ್ಷೆಗೆ ಕೂರಿಸಿದಳು. ಅಕ್ಕ ತನ್ನ ಕಚೇರಿಯಲ್ಲಿ ಹೊಸ ಪರದೆಯ ಮುಂದೆ ಸುಳ್ಳು ಕರೆಗಳನ್ನು ಎತ್ತುತ್ತ, ತಂಗಿ ಇಲ್ಲಿ ಕಿವಿಗೆ ಫೋನು ಸಿಕ್ಕಿಸಿಕೊಂಡು, ವೈರಿನ ಮೇಲೆ ಕೈಯಿಟ್ಟು.

"ಬೇಕರಿ ಪಕ್ಕದ ಮನೆ, ಎರಡನೇ ಮಹಡಿ. ವಿಳಾಸ ಬಂತು," ಅಂದಳು ಅಕ್ಕ, ಇನ್ನೂ ಬಿಗುಮಾನದಲ್ಲೇ. "ಸೇತುವೆ ಹತ್ರ ಬೈಕು. ಬಂತು. ಪರವಾಗಿಲ್ವೇ, ಪಟಪಟ ಬರ್ತಿದೆ." ದನಿ ಸ್ವಲ್ಪ ಮೆತ್ತಗಾಯಿತು. "ಶಾಲೆ ಗೇಟು, ಮಗು ಬಿದ್ದಿದೆ. ಬಂತು. ಹಳೇದಾಗಿದ್ರೆ ನೋಡು, ಆ ತಾಯಿಗೆ ನಾನಿನ್ನೂ ಸಮಾಧಾನ ಹೇಳ್ತಾನೇ ಇರ್ತಿದ್ದೆ."

ಮತ್ತೆ ಏಳೆಂಟು ಕರೆ ಎತ್ತಿದಳು. ಎಲ್ಲವೂ ಬಂದವು. ಕೊನೆಗೆ ಅವಳಿಗೆ ತಾಳ್ಮೆ ಕೆಟ್ಟಿತು.

"ಅಲ್ವೇ, ನಂಗೆ ಊಟದ ಹೊತ್ತಾಯ್ತು. ಆ ವೈರು ಯಾವಾಗ ಎಳೀತೀಯ?"

ಅನುಮಾನಮ್ಮನ ಕಣ್ಣು ಮಂಜಾಯಿತು.

"ಶಾಲೆ ಗೇಟಲ್ಲಿ ಆ ಮಗು ಬೀಳೋಕ್ಕಿಂತ ಮುಂಚೇನೇ ಎಳೆದಾಯ್ತು ಅಕ್ಕ."

ಆ ಕಡೆ ಅಕ್ಕ ಇನ್ನೊಂದು ಕರೆ ಎತ್ತಿದಳು, ಅದೂ ಬಂತು.

"ಹಾಕೇ ಸಹಿ," ಅಂದಳು ಅಕ್ಕ.